ಓದದೇ ಬಂದವರಿಗೂ ಚಾಪೆ ಹಾಸಿ

ಕೊಪ್ಪಳದ ಓದುಗರೊಬ್ಬರ ಪತ್ರ: "ಹೋದ ಬೇಸಿಗೆಯಲ್ಲಿ ನಾವು ಏಳು ಜನ ಸೇರಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಲು ಶುರು ಮಾಡಿದೆವು. ವಾರಕ್ಕೆ 175 ಪುಟ, ನಾಲ್ಕು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸೇರಿ ಮುಗಿಸುವುದು ಅಂತ ಲೆಕ್ಕ. ಎರಡನೇ ವಾರ ನಾಲ್ಕು ಜನ ಬಂದರು. ಮೂರನೇ ವಾರ ಉಳಿದದ್ದು ನಾನು ಮತ್ತು ಒಬ್ಬ ನಿವೃತ್ತ ಉಪನ್ಯಾಸಕರು. ಅವರು ಮುಕ್ಕಾಲು ಗಂಟೆ ಮಾತಾಡಿದರು, ನಾನು ಕೇಳಿದೆ, ಅಲ್ಲಿಗೆ ಮುಗಿಯಿತು. ಗುಂಪಿನಲ್ಲಿ ಇಲ್ಲದ, ಒಂದು ಪುಟವನ್ನೂ ಓದದ, ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದ ನಮ್ಮ ಅತ್ತೆ ಮಾತ್ರ ಈಗಲೂ 'ಆ ನಾಯಿ ಮುಂದ ಏನಾತು?' ಅಂತ ಕೇಳುತ್ತಾರೆ. ಈ ಸಲ ಮತ್ತೆ ಸೇರೋಣ ಅಂತಿದ್ದೇವೆ. ಅದೇ ಪುಸ್ತಕವೋ, 'ಪರ್ವ'ವೋ, 'ಯುದ್ಧ ಮತ್ತು ಶಾಂತಿ'ಯೋ? ಇಷ್ಟು ದಪ್ಪ ಪುಸ್ತಕ ನಮ್ಮಂಥವರ ಕೈಯಲ್ಲಿ ಆಗುತ್ತದೆಯೇ?"

ಪ್ರಿಯ ಓದುಗರೇ,

ಮೊದಲು ಒಂದು ತಪ್ಪೊಪ್ಪಿಗೆ. 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ನಾನೂ ಮೂರು ಸಲ ಅರ್ಧಕ್ಕೆ ಬಿಟ್ಟವನು. ಅರ್ಧ ಅಂದರೂ ಜಾಸ್ತಿಯೇ ಆಯಿತು. ಪ್ರತಿ ಸಲ ಅರವತ್ತನೇ ಪುಟದ ಆಸುಪಾಸಿನಲ್ಲಿ ನಿಲ್ಲುತ್ತಿದ್ದೆ. ಬುಕ್‌ಮಾರ್ಕ್ ಅಂತ ಇಟ್ಟಿದ್ದ ಬಸ್ ಟಿಕೆಟ್ ಅಲ್ಲೇ ಹಳದಿ ಬಣ್ಣಕ್ಕೆ ತಿರುಗಿತ್ತು. ಕೊನೆಗೆ ಮುಗಿದದ್ದು ಹಾಸ್ಟೆಲಿನಲ್ಲಿ. ಪರೀಕ್ಷೆ ಮುಗಿದಿತ್ತು, ಊರಿಗೆ ಹೋಗಲು ದುಡ್ಡಿರಲಿಲ್ಲ, ರಾತ್ರಿ ಕರೆಂಟೂ ಇರುತ್ತಿರಲಿಲ್ಲ. ನಾಲ್ಕು ಜನಕ್ಕೆ ಒಂದೇ ಪ್ರತಿ, ಒಂದೇ ಮೇಣದಬತ್ತಿ. ಒಬ್ಬ ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಮಲಗಿಕೊಂಡು ಕೇಳುತ್ತಿದ್ದೆವು. ನಿದ್ದೆ ಹೋದವನಿಗೆ ಬೆಳಿಗ್ಗೆ ಹಲ್ಲುಜ್ಜುವಾಗ ಕತೆ ಹೇಳುತ್ತಿದ್ದೆವು.

ಇನ್ನೊಂದು ತಪ್ಪೊಪ್ಪಿಗೆಯೂ ಇದೆ. ಈ ಸಂಪಾದಕನ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಓದುಗರ ಗುಂಪಿಗೆ ಸೇರಿದ್ದೆ. ಒಂದು ವಾರ ಹೇಳಿದಷ್ಟು ಪುಟ ಓದಿರಲಿಲ್ಲ. ಜ್ವರ ಅಂತ ಸುಳ್ಳು ಹೇಳಿ ತಪ್ಪಿಸಿಕೊಂಡೆ. ಮುಂದಿನ ವಾರಕ್ಕೆ ಬಾಕಿ ಎರಡರಷ್ಟಾಯಿತು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ನಿಮ್ಮ ಗುಂಪಿನ ಐದು ಜನಕ್ಕೂ ಇದೇ ಆಗಿದೆ ಅನ್ನುವುದು ನನ್ನ ಅಂದಾಜು. ಪುಸ್ತಕ ದಪ್ಪ ಅಂತ ಅವರು ಬಿಡಲಿಲ್ಲ. ಓದದೇ ಬರಲು ನಾಚಿಕೆಯಾಯಿತು, ಅಷ್ಟೇ. ವಾರಕ್ಕೆ 175 ಪುಟ ಅಂದರೆ ದಿನಕ್ಕೆ 25. ಏಪ್ರಿಲ್ ತಿಂಗಳಲ್ಲಿ, ಮನೆ ತುಂಬ ರಜೆಗೆ ಬಂದ ಮಕ್ಕಳು, ಎರಡು ದಿನಕ್ಕೊಂದು ಮದುವೆ, ಮೇಲೆ ನಿಮ್ಮ ಊರಿನ ಬಿಸಿಲು. ಯಾರಿಗೆ ಆಗುತ್ತದೆ?

ನೀವು ಗದಗಿನ ಪಕ್ಕದವರು. ಕುಮಾರವ್ಯಾಸನ ಭಾರತವನ್ನು ಜನ ಹೇಗೆ ಕೇಳಿದರು ಅಂತ ಸ್ವಲ್ಪ ನೆನೆಸಿಕೊಳ್ಳಿ. ಹತ್ತು ಪರ್ವಗಳ ಆ ಕಾವ್ಯ ನಿಮ್ಮ ಕಾದಂಬರಿಗಿಂತ ಸಣ್ಣದೇನಲ್ಲ. ಕೇಳಲು ಕೂತವರಲ್ಲಿ ಅಕ್ಷರ ಬಾರದವರೇ ಹೆಚ್ಚು. ಒಬ್ಬರು ಓದುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಕಂಬಕ್ಕೆ ಒರಗಿದವರು ತೂಕಡಿಸುತ್ತಿದ್ದರು. ಶ್ರಾವಣದಲ್ಲಿ ನಿಮ್ಮ ಕಡೆಯ ಮಠಗಳಲ್ಲಿ ಈಗಲೂ ತಿಂಗಳಿಡೀ ಪುರಾಣ ನಡೆಯುತ್ತದಲ್ಲ, ಅಲ್ಲಿ ಯಾರಾದರೂ "ನಿನ್ನೆಯ ಭಾಗ ಓದಿಕೊಂಡು ಬಂದಿದ್ದೀಯಾ?" ಅಂತ ಕೇಳುತ್ತಾರೆಯೇ? ಎರಡು ದಿನ ತಪ್ಪಿಸಿ ಬಂದವರಿಗೂ ಪಕ್ಕದವರು ಸರಿದು ಜಾಗ ಕೊಡುತ್ತಾರೆ. ದೊಡ್ಡ ಕತೆಯನ್ನು ಹತ್ತು ಜನರ ನಡುವೆ ಕೇಳುವುದು ನಮಗೆ ಹಳೆಯ ಅಭ್ಯಾಸ. ಮನೆಗೆಲಸ ಕೊಟ್ಟ ಹಾಗೆ ಪುಟ ಹಂಚಿ, ವಾರದ ಕೊನೆಗೆ ಲೆಕ್ಕ ಕೇಳುವುದೇ ಹೊಸದು.

ಹಾಗಾಗಿ ನಾನು ಹೇಳುವುದು ಇಷ್ಟು. ಸೇರಿದಾಗ ಮಾತಿಗಿಂತ ಮೊದಲು ಓದಿ. ಗಟ್ಟಿಯಾಗಿ, ಸರದಿಯ ಮೇಲೆ. ಅರ್ಧ ಗಂಟೆಗೆ ಹತ್ತು ಹನ್ನೆರಡು ಪುಟ ಸಾಗುತ್ತದೆ, ನಾನು ಗಡಿಯಾರ ಇಟ್ಟುಕೊಂಡು ನೋಡಿದ್ದೇನೆ. ಹೋದ ವಾರದಿಂದ ಈ ವಾರದವರೆಗಿನ ಕತೆಯನ್ನು ಓದಿದವರು ಐದು ನಿಮಿಷದಲ್ಲಿ ಹೇಳಲಿ. ಆಮೇಲೆ ಎಲ್ಲರೂ ಒಂದೇ ಪುಟದಲ್ಲಿ ಕೂತು ಓದಿ. ವಾರವಿಡೀ ಪುಸ್ತಕ ಮುಟ್ಟದವರಿಗೂ ಆ ಹತ್ತು ಪುಟದ ಬಗ್ಗೆ ಮಾತಾಡುವ ಹಕ್ಕು ಬರುತ್ತದೆ. ನಾಲ್ಕು ವಾರ ಬೇಡ, ಯುಗಾದಿ ಕಳೆದ ಮೇಲೆ ಶುರು ಮಾಡಿ ಮುಂಗಾರಿನವರೆಗೆ ಎಳೆಯಿರಿ. ಎಂಟು ವಾರವಾದರೆ ದಿನಕ್ಕೆ ಹನ್ನೆರಡು ಹದಿಮೂರು ಪುಟ. ಜೂನಿಗೂ ಮುಗಿಯದಿದ್ದರೆ ಮಳೆಗಾಲದಲ್ಲಿ ಓದಿ. ಮಲೆನಾಡಿನ ಪುಸ್ತಕ, ಮಳೆ ಅದಕ್ಕೆ ಹೊಸದಲ್ಲ.

ಯಾವ ಪುಸ್ತಕ ಅಂತ ಕೇಳಿದ್ದೀರಿ. ಭೈರಪ್ಪನವರ 'ಪರ್ವ' ಗುಂಪಿಗೆ ಸುಲಭ. ಎಲ್ಲರಿಗೂ ಗೊತ್ತಿರುವ ಕತೆ. ಶಲ್ಯನ ಮನೆಯಿಂದ ಶುರುವಾಗಿ ಒಬ್ಬೊಬ್ಬರ ಮನಸ್ಸಿನ ಒಳಗಿಂದ ಸಾಗುತ್ತದೆ. ಕುಂತಿಯ ಭಾಗ ಓದಿದ ಸಂಜೆ ನಿಮ್ಮ ಚರ್ಚೆ ಬೇಗ ಮುಗಿಯುವುದಿಲ್ಲ. ಆದರೆ ಒಂದು ಅಪಾಯ. ಎರಡನೇ ವಾರದಿಂದ ಜನ ಕಾದಂಬರಿ ಬಿಟ್ಟು ಮಹಾಭಾರತದ ಬಗ್ಗೆಯೇ ಜಗಳ ಶುರು ಮಾಡುತ್ತಾರೆ. 'ಯುದ್ಧ ಮತ್ತು ಶಾಂತಿ' ಕನ್ನಡದಲ್ಲಿ ಇದೆ, ಓ.ಎಲ್. ನಾಗಭೂಷಣಸ್ವಾಮಿ ಅವರ ಅನುವಾದ ಹುಡುಕಿ. ಹೆಸರುಗಳಿಗೆ ಹೆದರಬೇಡಿ. ಶಾಲೆಯ ರಿಜಿಸ್ಟರಿನಲ್ಲಿ ಒಂದು, ಮನೆಯಲ್ಲಿ ಒಂದು, ಓಣಿಯಲ್ಲಿ ಇನ್ನೊಂದು ಹೆಸರು ನಮ್ಮಲ್ಲೂ ಇಲ್ವಾ? ಟಾಲ್‌ಸ್ಟಾಯ್‌ನ ಪಾತ್ರಗಳೂ ಹಾಗೆಯೇ. ಆದರೆ ಅದರಲ್ಲಿ 361 ಅಧ್ಯಾಯಗಳಿವೆ. ದಿನಕ್ಕೊಂದು ಓದಿದರೆ ಹೆಚ್ಚುಕಡಿಮೆ ಒಂದು ವರ್ಷ. ಅದನ್ನು ಇನ್ನೊಂದು ಯುಗಾದಿಗೆ ಇಟ್ಟುಕೊಳ್ಳಿ.

ಈ ಬೇಸಿಗೆಗೆ ಬಿಟ್ಟ ಪುಸ್ತಕವನ್ನೇ ಮತ್ತೆ ಹಿಡಿಯಿರಿ. ಬಿಟ್ಟದ್ದಕ್ಕೆ ಪ್ರಾಯಶ್ಚಿತ್ತ ಅಂತ ಅಲ್ಲ. ನಿಮ್ಮ ಮನೆಯಲ್ಲಿ ಅದಕ್ಕೆ ಈಗಾಗಲೇ ಒಬ್ಬ ಓದುಗರಿದ್ದಾರೆ, ಅದಕ್ಕೆ.

1967ರಲ್ಲಿ ಬಂದ ಈ ಕಾದಂಬರಿ ಮೊದಲಿಗೆ ಯಾಕೆ ಕಷ್ಟವಾಗುತ್ತದೆ ಅಂದರೆ, ನಾವು ನಾಯಕನನ್ನು ಹುಡುಕುತ್ತೇವೆ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ನಡೆದು ಬರುತ್ತಾನೆ. ಇವನೇ ಇರಬೇಕು ಅಂದುಕೊಳ್ಳುತ್ತೇವೆ. ಅಷ್ಟರಲ್ಲಿ ಇನ್ನೊಂದು ಮನೆ, ಇನ್ನೊಬ್ಬ ಹೆಗ್ಗಡೆ, ಅವರ ಜಗಲಿ, ಅವರ ಸಾಲ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಮೊದಲೇ ಬರೆದಿಟ್ಟಿದ್ದಾರೆ. ಆ ಮಾತನ್ನು ನಾವು ಭಾಷಣದಲ್ಲಿ ಹೇಳಿ ಹೇಳಿ ಸವೆಸಿದ್ದೇವೆ. ಅದು ನಿಜಕ್ಕೂ ಓದುವವರಿಗೆ ಕೊಟ್ಟ ಸೂಚನೆ. ಸುಮ್ನೆ ಯಾರು ಬರುತ್ತಾರೋ ಅವರ ಜೊತೆ ನಡೆಯಿರಿ. ಹಿಡಿದುಕೊಳ್ಳಲು ಏನಾದರೂ ಬೇಕೇ ಬೇಕು ಅಂದರೆ ಮೂರು ಜೋಡಿ ಸಾಕು: ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ. ಉಳಿದವರನ್ನು ಗೋಡೆಯ ಮೇಲಿನ ಹಾಳೆಗೆ ಬಿಡಿ. ಕೋಣೂರು, ಬೆಟ್ಟಳ್ಳಿ, ಹಳೆಮನೆ, ಹೂವಳ್ಳಿ, ಸಿಂಬಾವಿ ಅಂತ ಒಂದೊಂದು ಚೌಕ ಹಾಕಿ, ಯಾರು ಯಾವ ಮನೆಯವರು ಅಂತ ಬರೆಯುತ್ತಾ ಹೋಗಿ. ಈ ಕೆಲಸವನ್ನು ನಿಮ್ಮ ಉಪನ್ಯಾಸಕರಿಗೇ ವಹಿಸಿ. ಕೈಯಲ್ಲಿ ಸ್ಕೆಚ್ ಪೆನ್ ಇದ್ದಾಗ ಮುಕ್ಕಾಲು ಗಂಟೆ ಮಾತಾಡುವುದು ಕಷ್ಟ. ತಮಾಷೆ ಮಾಡುತ್ತಿಲ್ಲ, ನಿಮ್ಮನ್ನು ಬಿಟ್ಟರೆ ಮೂರನೇ ವಾರವೂ ಬಂದವರು ಅವರೊಬ್ಬರೇ. ಅವರನ್ನು ಕಳೆದುಕೊಳ್ಳಬೇಡಿ.

ಮಾತಿನ ಸೊಗಡು ಇನ್ನೊಂದು ತೊಡಕು. ಕಂಬಳಿಕೊಪ್ಪೆ, ಗೊರಬು, ಇಂಬಳ ಇವೆಲ್ಲ ಕೊಪ್ಪಳದಲ್ಲಿ ಯಾರಿಗೆ ಗೊತ್ತು? ಕಣ್ಣಲ್ಲಿ ಓದುವಾಗ ಇಂಥ ಪದ ಕಲ್ಲಿನ ಹಾಗೆ ಎಡವಿಸುತ್ತದೆ. ಬಾಯಲ್ಲಿ ಬಂದಾಗ ಅರ್ಧ ಅರ್ಥ ತಾನೇ ಹೊಳೆಯುತ್ತದೆ. ಮಲೆನಾಡಿಗೆ ಹೊಸದಾಗಿ ಬಂದ ಬೈಸಿಕಲ್ ಅಲ್ಲಿನವರ ಬಾಯಲ್ಲಿ 'ಬೀಸೇಕಲ್ಲು' ಆಗುತ್ತದೆ. ಮೌನವಾಗಿ ಓದಿದಾಗ ನಾನು ಅದನ್ನು ನಿಜವಾದ ಬೀಸುವ ಕಲ್ಲು ಅಂತಲೇ ತಿಳಿದು ಮುಂದೆ ಹೋಗಿದ್ದೆ. ಗೆಳೆಯ ಗಟ್ಟಿಯಾಗಿ ಓದಿದಾಗ ಹಾಸ್ಟೆಲಿನ ರೂಮು ನಗುವಿನಲ್ಲಿ ಬಿದ್ದು ಹೋಯಿತು. ಕುವೆಂಪು ಇಷ್ಟು ನಗಿಸುತ್ತಾರೆ ಅಂತ ನನಗೆ ಪಾಠದಲ್ಲಿ ಯಾರೂ ಹೇಳಿರಲಿಲ್ಲ.

ಗಟ್ಟಿಯಾಗಿ ಓದುವಾಗ ನಾಲಿಗೆ ತಡವರಿಸುವ ಜಾಗಗಳೂ ಬರುತ್ತವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡು ಅದು. ಜಾತಿ ಪ್ರತಿ ಮಾತಿನಲ್ಲೂ ಇದೆ. ಯಾರು ಎಲ್ಲಿ ನಿಲ್ಲಬೇಕು, ಯಾರನ್ನು ಹೇಗೆ ಕೂಗಬೇಕು, ಎಲ್ಲವೂ. ಒಬ್ಬರೇ ಓದುವಾಗ ಆ ಪದಗಳ ಮೇಲೆ ಕಣ್ಣು ಜಾರಿ ಹೋಗುತ್ತದೆ. ಬೇರೆ ಬೇರೆ ಮನೆಯಿಂದ ಬಂದ ಏಳು ಜನರ ನಡುವೆ ಕೂತು ಅದನ್ನೇ ಬಾಯಿ ಬಿಟ್ಟು ಓದುವುದು ಬೇರೆ. ನಮ್ಮ ಹಾಸ್ಟೆಲಿನಲ್ಲಿ ಒಂದು ರಾತ್ರಿ ಓದುತ್ತಿದ್ದವನು ಒಂದು ಸಾಲಿನ ನಡುವೆ ನಿಂತುಬಿಟ್ಟ. ಪಕ್ಕದಲ್ಲಿ ಮಲಗಿದ್ದವನು "ಓದೋ, ನಮ್ಮಜ್ಜನ್ನ ಹಿಂಗೇ ಕರೀತಿದ್ರು" ಅಂದ. ಆ ರಾತ್ರಿ ಮುಂದೆ ಓದಲಿಲ್ಲ, ಅವನ ಅಜ್ಜನ ಕತೆ ಕೇಳಿದೆವು. ನಿಮ್ಮಲ್ಲೂ ಇಂಥ ಸಂಜೆ ಬಂದರೆ ಪುಟದ ಲೆಕ್ಕ ಮರೆತುಬಿಡಿ. ಆದರೆ ಯಾರಿಗೂ ಒತ್ತಾಯ ಬೇಡ. ಓದಲು ಇಷ್ಟವಿಲ್ಲದವರು ಸರದಿ ಬಿಡಬಹುದು, ಕಾರಣ ಕೇಳಬೇಡಿ.

ಆಗುತ್ತದೆಯೇ ಅಂತ ಕೇಳಿದಿರಲ್ಲ. 2010ರಲ್ಲಿ ಮೈಸೂರಿನ ರಂಗಾಯಣ ಇದೇ ಕಾದಂಬರಿಯನ್ನು ರಾತ್ರಿಯಿಡೀ ನಡೆಯುವ ನಾಟಕವಾಗಿ ಆಡಿತು. ಕೆ.ವೈ. ನಾರಾಯಣಸ್ವಾಮಿ ರಂಗರೂಪ, ಸಿ. ಬಸವಲಿಂಗಯ್ಯ ನಿರ್ದೇಶನ. ಒಂಬತ್ತು ಗಂಟೆ. ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲೂ ಆಡಿದರು. ಅಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದವರು ಪುಸ್ತಕ ಮುಟ್ಟಿಯೂ ಇರಲಿಲ್ಲ. ಕಂಬಳಿ ಹೊದ್ದು ಬೆಳಗಿನವರೆಗೆ ಕೂತರು. ನಡುವೆ ಒಮ್ಮೆ ಟೀ ಕುಡಿಯಲು ಹೋದವರು ಓಡಿ ಬಂದು "ಏನಾಯ್ತು, ಏನಾಯ್ತು?" ಅಂತ ನನ್ನನ್ನು ಕೇಳಿದರು. ನಾನು ಹೇಳಿದೆ. ಗುಂಪಿನ ಕೆಲಸ ಅಷ್ಟೇ ತಾನೇ?

ಚಿಲ್ಲರೆ ವಿಷಯ ಒಂದೆರಡು. ಬೇರೆ ಬೇರೆ ಮುದ್ರಣದಲ್ಲಿ ಪುಟ ಸಂಖ್ಯೆ ಹೊಂದುವುದಿಲ್ಲ, ಅಧ್ಯಾಯದ ಲೆಕ್ಕ ಇಟ್ಟುಕೊಳ್ಳಿ. ಏಳು ಜನಕ್ಕೆ ಮೂರು ಪ್ರತಿ ಸಾಕು. ಬೆಳಿಗ್ಗೆ ಹನ್ನೊಂದಕ್ಕೆ ಸೇರುತ್ತಿದ್ದೆವು ಅಂತ ಬರೆದಿದ್ದೀರಿ, ಆ ಬಿಸಿಲಲ್ಲಿ ಬಂದವರೇ ದೊಡ್ಡವರು. ಸಂಜೆ ಮಾಳಿಗೆಯ ಮೇಲೆ ಚಾಪೆ ಹಾಸಿ.

ಮತ್ತೆ ನಿಮ್ಮ ಅತ್ತೆ. ಅವರು ಗುಂಪಿನ ಸದಸ್ಯರಲ್ಲ, ಒಂದು ಪುಟವನ್ನೂ ಓದಿಲ್ಲ ಅಂತ ಬರೆದಿದ್ದೀರಿ. ಹೋದ ವರ್ಷ ಒಲೆಯ ಮುಂದೆ ನಿಂತು ಅರ್ಧಂಬರ್ಧ ಕೇಳಿಸಿಕೊಂಡದ್ದನ್ನು ಅವರು ಈ ವರ್ಷದವರೆಗೂ ಮರೆತಿಲ್ಲ. ನಿಮ್ಮ ಏಳು ಜನರಲ್ಲಿ ಹಾಗೆ ಯಾರಿದ್ದಾರೆ? ಈ ಸಲ ಭಾನುವಾರದ ಅಡುಗೆ ಬೇರೆ ಯಾರಾದರೂ ಮಾಡಲಿ. ಮೊದಲ ಚಾಪೆ ಅವರಿಗೆ ಹಾಸಿ.

ಹುಲಿಯ ಏನಾದ ಅಂತ ನನಗೆ ಗೊತ್ತು. ಅವರು ಕೇಳಿದರೆ, ಸಂಪಾದಕರು ಹೇಳಲಿಲ್ಲ ಅನ್ನಿ.