ಲೆದರ್ ಜಾಕೆಟ್ಟಿನ ಕಪ್ಪು ಸವೆದು ಕಂದು ಕಾಣುತ್ತಿದೆ. ಹಾಳಾಗುತ್ತಿದೆಯಾ, ಪಳಗುತ್ತಿದೆಯಾ?

ಎರಡು ವರ್ಷದ ಹಿಂದೆ ಕೊಂಡ ಕಪ್ಪು ಲೆದರ್ ಜಾಕೆಟ್. ದಿನಾ ಬೈಕಿನಲ್ಲಿ ಆಫೀಸಿಗೆ ಹಾಕಿಕೊಂಡು ಹೋಗುತ್ತೀರಿ. ಈಗ ಮೊಣಕೈ, ಜೇಬಿನ ಬಾಯಿ, ಜಿಪ್ಪಿನ ಪಕ್ಕ ಕಪ್ಪು ಹೋಗಿ ಒಳಗಿನ ಕಂದು ಇಣುಕುತ್ತಿದೆ. ಮನೆಯಲ್ಲಿ ‘ಪಾಲಿಶ್ ಹಚ್ಚಿಸಿ, ನೋಡೋಕಾಗಲ್ಲ’ ಎನ್ನುತ್ತಿದ್ದಾರೆ. ಕಪ್ಪಿನ ಕೆಳಗೆ ಕಂದು ಏಕೆ, ಅಂಗಡಿಯವನು ಟೋಪಿ ಹಾಕಿದನೇ ಎಂದು ನಿಮ್ಮ ಅನುಮಾನ. ಇದು ತಾನೇ ನಿಮ್ಮ ಪ್ರಶ್ನೆ?

ನೀವು ಬರೆದಿರುವ ಜಾಗಗಳನ್ನು ನೋಡಿದರೆ ಟೋಪಿ ಬಿದ್ದಿಲ್ಲ. ಒಳ್ಳೆಯ ಮಾಲೇ ಸಿಕ್ಕಿದೆ. ಪಾಲಿಶ್ ವಿಷಯ ಕೊನೆಗೆ ಹೇಳುತ್ತೇನೆ, ಅದರಲ್ಲಿ ನನ್ನದೇ ಒಂದು ಕಥೆ ಇದೆ. ಅಲ್ಲಿಯವರೆಗೆ ಡಬ್ಬಿ ತೆಗೆಯಬೇಡಿ.

ಇದಕ್ಕೆ ಪಟಿನಾ ಎನ್ನುತ್ತಾರೆ. ಹಳೆಯ ತಾಮ್ರ, ಕಂಚಿನ ಮೇಲೆ ಕೂರುವ ಹಸಿರು ಪದರಕ್ಕೂ ಅದೇ ಹೆಸರು. ನಾವು ಅದನ್ನು ಕಿಲುಬು ಎಂದು ಕರೆದು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯುವ ಜನ. ಹಾಗಾಗಿ ನಿಮ್ಮ ಮನೆಯವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಅವರಿಗೆ ಹೇಳಬೇಕಾದರೆ ದೋಸೆ ಕಾವಲಿ ತೋರಿಸಿ. ಹೊಸ ಕಬ್ಬಿಣದ ಕಾವಲಿಯಲ್ಲಿ ದೋಸೆ ಏಳುವುದಿಲ್ಲ. ಎಣ್ಣೆ ಸವರಿ, ಈರುಳ್ಳಿ ಉಜ್ಜಿ, ದಿನಾ ಕಾಯಿಸಿ ಕಾಯಿಸಿ ಅದು ಪಳಗಬೇಕು. ಹಾಗೆ ಪಳಗಿದ ಕಾವಲಿಯನ್ನು ಯಾರಾದರೂ ಸ್ಟೀಲ್ ನಾರು ಹಾಕಿ ಬೆಳ್ಳಗೆ ಮಾಡಿಟ್ಟರೆ ಅಡುಗೆಮನೆಯಲ್ಲಿ ಏನಾಗುತ್ತದೆ ಗೊತ್ತಲ್ಲ? ನಿಮ್ಮ ಜಾಕೆಟ್ಟೂ ಪಳಗುತ್ತಿದೆ.

ಪಳಗುವುದಕ್ಕೂ ಹಾಳಾಗುವುದಕ್ಕೂ ವ್ಯತ್ಯಾಸ ತಿಳಿಯಲು ನಾನು ನೋಡುವುದು ಒಂದನ್ನೇ. ಸವೆತ ಬಿದ್ದ ಜಾಗಕ್ಕೆ ನಿಮ್ಮ ದಿನಚರಿಯಲ್ಲಿ ಒಂದು ಕಾರಣ ಇದೆಯಾ?

ನನ್ನ ಜಾಕೆಟ್ ಈಗ ಎದುರಿಗೇ ಇದೆ, ನೋಡುತ್ತಲೇ ಬರೆಯುತ್ತೇನೆ. 2013ರಲ್ಲಿ ಕೊಂಡದ್ದು, ಹಸುವಿನ ಚರ್ಮ, ಸುಮಾರು 1.2 ಮಿಲಿಮೀಟರ್ ದಪ್ಪ. ಬನಶಂಕರಿಯಿಂದ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುವವನು ನಾನು. ಎಡ ಮಣಿಕಟ್ಟಿನ ಒಳಗಡೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ನುಣ್ಣಗೆ ಕಂದಾಗಿದೆ, ಅದು ವಾಚಿನ ಕೆಲಸ. ಬಲ ಭುಜದಿಂದ ಎಡ ಪಕ್ಕೆಯವರೆಗೆ ಓರೆಯಾಗಿ ಒಂದು ಮಸುಕು ಪಟ್ಟೆ, ಜನಿವಾರ ಹಾಕಿದ ಹಾಗೆ, ಭುಜ ಮಾತ್ರ ಆ ಕಡೆಯದು. ಅದು ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ಉಜ್ಜಿದ ದಾರಿ. ಕೆಳಗೆ ಜಿಪ್ ಮುಗಿಯುವಲ್ಲಿ ಎರಡೂ ಕಡೆ ಕಪ್ಪೇ ಉಳಿದಿಲ್ಲ, ಪೆಟ್ರೋಲ್ ಟ್ಯಾಂಕಿಗೆ ತಾಗುವ ಜಾಗ ಅದು. ಬಲ ಜೇಬಿನ ಬಾಯಿ ಎಡ ಜೇಬಿಗಿಂತ ಜಾಸ್ತಿ ಸವೆದಿದೆ, ಕೀಲಿ ಇಡುವುದು ಅದರಲ್ಲೇ. ಮೊಣಕೈ ಒಳಗಿನ ಮಡಿಕೆಗಳಂತೂ ತೋಳನ್ನು ನೆಟ್ಟಗೆ ಚಾಚಿದರೂ ಬಿಡುವುದಿಲ್ಲ. ಹ್ಯಾಂಗರಿನಲ್ಲಿ ನೇತು ಹಾಕಿದರೂ ತೋಳು ಹ್ಯಾಂಡಲ್ ಹಿಡಿದುಕೊಂಡ ಹಾಗೆಯೇ ಸ್ವಲ್ಪ ಬಾಗಿ ನಿಂತಿರುತ್ತದೆ. ರಾತ್ರಿ ಲೈಟ್ ಹಾಕದೆ ರೂಮಿಗೆ ಬಂದ ನಮ್ಮ ಅತ್ತೆ ಒಮ್ಮೆ ಯಾರೋ ನಿಂತಿದ್ದಾರೆ ಎಂದು ಕೂಗಿಕೊಂಡಿದ್ದರು.

ಅದೇ ಸವೆತ ಬೆನ್ನಿನ ಮಧ್ಯೆ, ಏನೂ ತಾಗದ ಕಡೆ ಬಿದ್ದಿದ್ದರೆ ನಾನು ಗಾಬರಿಯಾಗುತ್ತಿದ್ದೆ. ಉಗುರು ಹಾಕಿದರೆ ಹಾಳೆ ಹಾಳೆಯಾಗಿ ಎದ್ದು ಬಂದರೆ, ಕೆಳಗೆ ಬಟ್ಟೆಯ ನೇಯ್ಗೆ ಕಂಡರೆ ಅದು ರೆಕ್ಸಿನ್ ಜಾತಿಯದು, ಪಳಗುವ ಮಾತೇ ಇಲ್ಲ. ನನ್ನ ಮೊದಲನೇ ಜಾಕೆಟ್ ಅಂಥದ್ದೇ. ಒಳಗಡೆ ಲೇಬಲ್ ಮಾತ್ರ ಜೋರಾಗಿತ್ತು. ಮೂರನೇ ಮಳೆಗಾಲಕ್ಕೆ ಕಾಲರಿನಿಂದ ಕರೀ ಹೊಟ್ಟು ಉದುರತೊಡಗಿತು, ಶರ್ಟಿನ ಮೇಲೆಲ್ಲ. ಮಜಾ ಏನೆಂದರೆ ನಾನು ಅದನ್ನು ಹೆಚ್ಚು ಹಾಕಿಯೇ ಇರಲಿಲ್ಲ, ಜೋಪಾನ ಮಾಡಿ ಬೀರುವಿನಲ್ಲಿ ಇಟ್ಟಿದ್ದೆ. ಅಂಥ ಜಾಕೆಟ್ಟಿನ ಮೇಲಿರುವ ಪಾಲಿಯುರೇಥೇನ್ ಎಂಬ ಪ್ಲಾಸ್ಟಿಕ್ ಪದರ ಗಾಳಿಯ ತೇವಕ್ಕೇ ಮೆಲ್ಲಗೆ ಒಡೆಯುತ್ತದೆ. ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ.

ನಿಜವಾದ ಚರ್ಮದಲ್ಲೂ ಎಲ್ಲವೂ ಪಳಗುವುದಿಲ್ಲ. ಚರ್ಮದ ಮೇಲ್ಪದರದಲ್ಲಿ ಎಳೆಗಳು ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ, ಕೆಳಗೆ ಹೋದಂತೆ ಸಡಿಲ. ಆ ಮೇಲ್ಪದರವನ್ನು ಉಜ್ಜದೆ ಹಾಗೇ ಬಿಟ್ಟರೆ ಫುಲ್ ಗ್ರೇನ್. ಹಸುವಿಗೆ ಉಣ್ಣೆ ಕಚ್ಚಿದ ಗುರುತು, ಬೇಲಿ ತರಚಿದ ಗೀರು ಎಲ್ಲ ಅದರಲ್ಲಿ ಕಾಣುತ್ತದೆ. ಆ ಕಲೆ ಮುಚ್ಚಲು ಮೇಲ್ಪದರವನ್ನು ಉಜ್ಜಿ ತೆಗೆದು, ದಪ್ಪ ಬಣ್ಣ ಬಳಿದು, ಮೇಲೆ ಯಂತ್ರದಲ್ಲಿ ಚರ್ಮದ ಗೆರೆಗಳನ್ನೇ ಅಚ್ಚು ಒತ್ತಿ ಮಾರುವುದೂ ಇದೆ. ನೋಡಲು ಫಸ್ಟ್ ಕ್ಲಾಸ್. ಆದರೆ ನಿಮ್ಮ ಕೈ ತಾಗುವುದು ಬಣ್ಣಕ್ಕೆ, ಚರ್ಮಕ್ಕಲ್ಲ. ಅದು ಹತ್ತು ವರ್ಷ ಹಾಗೇ ಇದ್ದು ಒಂದು ದಿನ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ‘ಜೆನ್ಯೂನ್ ಲೆದರ್’ ಎನ್ನುವ ಚೀಟಿ ಇವೆಲ್ಲದರ ಮೇಲೂ ಇರಬಹುದು. ಅದು ಚರ್ಮ ಎಂದಷ್ಟೇ ಹೇಳುತ್ತದೆ, ಯಾವ ಪದರ ಎಂದು ಹೇಳುವುದಿಲ್ಲ.

ಕಪ್ಪಿನ ಕೆಳಗೆ ಕಂದು ಏಕೆ ಎಂದು ಕೇಳಿದ್ದೀರಿ. ಚರ್ಮವನ್ನು ಮೊದಲು ಒಳಗಿನವರೆಗೂ ಕಂದು ಮಾಡಿ, ಆಮೇಲೆ ಮೇಲಷ್ಟೇ ತೆಳ್ಳಗೆ ಕಪ್ಪು ಹಾಕಿದ್ದಾರೆ. ಇದಕ್ಕೆ ಟೀ ಕೋರ್ ಎನ್ನುತ್ತಾರೆ. ಜಪಾನಿನವರ ಮಾತಿನಲ್ಲಿ ಚಾಶಿನ್, ಅಲ್ಲೂ ‘ಚಾ’ ಎಂದರೆ ನಮ್ಮ ಚಹಾವೇ. ಹಿಂದಿನ ಕಾಲದ ಅಮೆರಿಕದ ಕುದುರೆ ಚರ್ಮದ ಜಾಕೆಟ್ಟುಗಳು ಹೀಗೆ ಸವೆಯುತ್ತಿದ್ದವು. ನ್ಯೂಯಾರ್ಕಿನ ಇರ್ವಿಂಗ್ ಶಾಟ್ 1928ರಲ್ಲಿ ಬೈಕಿನವರಿಗೆಂದು ಜಿಪ್ ಇರುವ ಜಾಕೆಟ್ ಮಾಡಿ, ತನಗಿಷ್ಟವಾದ ಚುಟ್ಟಾದ ಹೆಸರನ್ನೇ ಇಟ್ಟ, ಪರ್ಫೆಕ್ಟೊ ಎಂದು. ಆಗ ಬೆಲೆ 5.50 ಡಾಲರ್. ಇವತ್ತು ಜಪಾನಿನ ಕೆಲವು ಕಂಪನಿಗಳು ಆ ಹಳೆಯ ಸವೆತ ಬೇಕೆಂದೇ ಟೀ ಕೋರ್ ಚರ್ಮ ಮಾಡಿಸಿ, ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳುವ ಹಾಗೆ ಮಾರುತ್ತಾರೆ. ನಿಮಗೆ ಅದು ಕೇಳದೆಯೇ ಸಿಕ್ಕಿದೆ.

ಒಂದು ಎಚ್ಚರಿಕೆ. ಪರ್ಸ್, ಬೆಲ್ಟ್ ಬಿಸಿಲಿಗಿಟ್ಟು ಜೇನಿನ ಬಣ್ಣಕ್ಕೆ ತಿರುಗುವ ವಿಡಿಯೋ ನೋಡಿ ಜಾಕೆಟ್ಟೂ ಹಾಗಾಗುತ್ತದೆ ಎಂದುಕೊಳ್ಳಬೇಡಿ. ಅದು ತೊಗಟೆಯಿಂದ ಹದ ಮಾಡಿದ ಚರ್ಮ. ಆವರಿಕೆ ಗಿಡ ಗೊತ್ತಲ್ಲ, ರಸ್ತೆ ಬದಿ ಹಳದಿ ಹೂ ಬಿಟ್ಟು ನಿಂತಿರುತ್ತದೆ? ಅದರ ತೊಗಟೆ, ಅಳಲೆಕಾಯಿ, ಜಾಲಿ ತೊಗಟೆ ಇವುಗಳ ಒಗರಿನಲ್ಲಿ ವಾರಗಟ್ಟಲೆ ನೆನೆಸಿ ಹದ ಮಾಡುವುದು ನಮ್ಮ ಕಡೆಯ ಹಳೇ ಪದ್ಧತಿ. ಆ ಒಗರಿಗೆ ಬೆಳಕು, ಗಾಳಿ, ಕೈಯ ಜಿಡ್ಡು ತಾಗಿದಂತೆ ಬಣ್ಣ ಗಾಢವಾಗುತ್ತದೆ. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ಮನೆಯಲ್ಲಿದ್ದರೆ ಕಾಲಿಡುವ ಜಾಗ ನೋಡಿ. ಹಿಮ್ಮಡಿ, ಐದು ಬೆರಳು, ಒಂದೊಂದೂ ಕಪ್ಪಗೆ ಅಚ್ಚಾಗಿರುತ್ತದೆ. ಜಾಕೆಟ್ ಚರ್ಮ ಬಹುಪಾಲು ಕ್ರೋಮ್ ಉಪ್ಪಿನಿಂದ ಹದ ಮಾಡಿದ್ದು. ಒಂದೆರಡು ದಿನದಲ್ಲಿ ಮುಗಿಯುವ ಕೆಲಸ, ಮೆತ್ತಗಿರುತ್ತದೆ, ನೀರು ತಡೆಯುತ್ತದೆ, ಆದರೆ ತಾನಾಗಿ ಬಣ್ಣ ಬದಲಿಸುವುದಿಲ್ಲ. ಅದರ ಪಟಿನಾ ಎಂದರೆ ಮಡಿಕೆ, ಹೊಳಪು, ಸವೆತ. (ಫ್ರೇಜರ್ ಟೌನ್ ಆಚೆಯ ಟ್ಯಾನರಿ ರೋಡಿಗೆ ಆ ಹೆಸರು ಬಂದದ್ದೂ ಚರ್ಮ ಹದ ಮಾಡುವ ಕಸುಬಿನಿಂದಲೇ. ಈಗ ಚರ್ಮದ ಊರು ನೋಡಬೇಕಾದರೆ ಚೆನ್ನೈ ರೈಲು ಹತ್ತಬೇಕು. ಜೋಲಾರಪೇಟೆ ದಾಟಿದ ಮೇಲೆ ವಾಣಿಯಂಬಾಡಿ, ಆಂಬೂರು ಎಲ್ಲ ಅವೇ. ನಮ್ಮವರಿಗೆ ಆಂಬೂರು ಎಂದರೆ ಬಿರಿಯಾನಿ ಮಾತ್ರ ನೆನಪಾಗುತ್ತದೆ, ಏನು ಮಾಡುವುದು.)

ಬೆಂಗಳೂರಿನಲ್ಲಿ ಲೆದರ್ ಜಾಕೆಟ್ ಹಾಳಾಗುವುದು ರಸ್ತೆಯಲ್ಲಿ ಕಡಿಮೆ, ಬೀರುವಿನಲ್ಲೇ ಜಾಸ್ತಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮುಚ್ಚಿದ ಬೀರು, ಡ್ರೈ ಕ್ಲೀನಿಂಗಿನ ಪ್ಲಾಸ್ಟಿಕ್ ಕವರು, ಗೋಡೆಯ ತೇವ. ಬೂಷ್ಟಿಗೆ ಇನ್ನೇನು ಬೇಕು? ಹಾಕದ ದಿನಗಳಲ್ಲಿ ಅಗಲ ಭುಜದ ಹ್ಯಾಂಗರಿನಲ್ಲಿ ಹೊರಗೇ ನೇತು ಹಾಕಿ, ಧೂಳು ಕೂರದ ಹಾಗೆ ಹಳೇ ಪಂಚೆ ಹೊದಿಸಿ. ಸಾಕು.

ಬೂಷ್ಟಿನ ವಿಷಯ ಬಂದಾಗ ನನ್ನ ಕೊಬ್ಬರಿ ಎಣ್ಣೆ ಪ್ರಸಂಗ ಹೇಳಲೇಬೇಕು. ಕೊಂಡ ವರ್ಷ ಯಾರೋ ಹೇಳಿದರೆಂದು ಜಾಕೆಟ್ಟಿಗೆ ಕೊಬ್ಬರಿ ಎಣ್ಣೆ ತಿಕ್ಕಿದೆ. ಅಕ್ಟೋಬರಿನಲ್ಲಿ ಚೆನ್ನಾಗಿ ಹೊಳೆಯುತ್ತಿತ್ತು. ಡಿಸೆಂಬರಿನ ಒಂದು ಬೆಳಿಗ್ಗೆ ನಂದಿ ಬೆಟ್ಟಕ್ಕೆ ಹೊರಟು ನೋಡಿದರೆ ಭುಜದ ಮೇಲೆಲ್ಲ ಬಿಳೀ ಪುಡಿ. ಬೂಷ್ಟು ಎಂದು ಒರೆಸಿದೆ, ಹೋಯಿತು. ಮರುದಿನ ಬೆಳಿಗ್ಗೆ ಮತ್ತೆ ಬಂತು. ಕೊನೆಗೆ ಬಚ್ಚಲುಮನೆಯಲ್ಲಿ ಗಟ್ಟಿಯಾಗಿ ಕೂತಿದ್ದ ಎಣ್ಣೆ ಬಾಟಲಿ ನೋಡಿದಾಗ ತಲೆಗೆ ಹೊಳೆಯಿತು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬಾಟಲಿಯಲ್ಲಿ ಆದದ್ದೇ ಜಾಕೆಟ್ಟಿನ ಮೇಲೂ ಆಗಿತ್ತು. ನಿಮಗೂ ಬಿಳಿ ಕಂಡರೆ ಹೇರ್ ಡ್ರೈಯರಿನ ಸಣ್ಣ ಬಿಸಿ ದೂರದಿಂದ ತೋರಿಸಿ. ಕರಗಿ ಮಾಯವಾದರೆ ಜಿಡ್ಡು, ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಹಾಗೇ ಇದ್ದು ಮುಗ್ಗಲು ವಾಸನೆ ಬಂದರೆ ಬೂಷ್ಟು. ಅದನ್ನು ಮನೆಯೊಳಗೆ ಕೊಡವಬೇಡಿ. ಟೆರೇಸಿನ ನೆರಳಿನಲ್ಲಿ ಒಣ ಬಟ್ಟೆಯಿಂದ ಒರೆಸಿ, ಗಾಳಿಗೆ ಬಿಡಿ.

ಮಳೆಗೆ ನೆಂದರೆ ಹೆದರಬೇಡಿ. ಹೆದರಬೇಕಾದದ್ದು ಒಣಗಿಸುವ ಆತುರಕ್ಕೆ. ಒಮ್ಮೆ ತೊಪ್ಪೆಯಾಗಿ ಬಂದವನು ಮರುದಿನ ಬೇಕೆಂದು ಹೀಟರಿನ ಮುಂದೆ ಕುರ್ಚಿಗೆ ಹಾಕಿಟ್ಟೆ. ಎಡ ತೋಳಿನ ಒಂದು ಅಂಗೈ ಅಗಲ ಜಾಗ ಹಪ್ಪಳದ ಹಾಗೆ ಬಿರುಸಾಯಿತು. ಚರ್ಮದ ಎಳೆಗಳ ನಡುವೆ ಎಣ್ಣೆ ಇರುವುದರಿಂದಲೇ ಅದು ಬಾಗುವುದು. ಎಣ್ಣೆಯ ಸ್ಥಿತಿ ಕೆಟ್ಟು ಎಳೆಗಳು ಒಂದಕ್ಕೊಂದು ಅಂಟಿಕೊಂಡರೆ ಮೆತ್ತಗೆ ಮಾಡುವುದು ಕಷ್ಟ. ಆ ಜಾಗ ಇವತ್ತಿಗೂ ಬೇರೆಯೇ ಸದ್ದು ಮಾಡುತ್ತದೆ. ಫ್ಯಾನಿನ ಗಾಳಿ ಸಾಕು, ಎರಡು ದಿನ ಹಿಡಿಯಲಿ.

ನೀವು ನಿಜಕ್ಕೂ ಕಣ್ಣಿಡಬೇಕಾದದ್ದು ಕಾಲರಿನ ಒಳಗೆ, ಕುತ್ತಿಗೆ ತಾಗುವ ಕಡೆ. ಅಲ್ಲಿ ಬೆವರು ಮತ್ತು ಉಪ್ಪು ಕೂತು ಚರ್ಮ ಒಣಗುತ್ತದೆ. ಬಗ್ಗಿಸಿದಾಗ ಕೂದಲೆಳೆಯಂಥ ಬಿರುಕು ಕಂಡರೆ ಅದು ಪಟಿನಾ ಅಲ್ಲ. ತಿಂಗಳಿಗೊಮ್ಮೆ ಒದ್ದೆ ಬಟ್ಟೆ ಹಿಂಡಿ ಒರೆಸಿ. ಬಣ್ಣವಿಲ್ಲದ ಲೆದರ್ ಕಂಡಿಷನರ್ ವರ್ಷಕ್ಕೆ ಒಂದು ಸಲ, ಬಟಾಣಿ ಕಾಳಿನಷ್ಟು ತೆಗೆದುಕೊಂಡು, ಮೊದಲು ಒಳಗಿನ ಅಂಚಿನಲ್ಲಿ ಹಚ್ಚಿ ನೋಡಿ. ಬಣ್ಣ ಕಪ್ಪಾಗಬಹುದು. ಪ್ರೀತಿ ಜಾಸ್ತಿಯಾಗಿ ಪ್ರತಿ ಭಾನುವಾರ ಹಚ್ಚುವವರನ್ನು ಕಂಡಿದ್ದೇನೆ, ಅವರ ಜಾಕೆಟ್ ಬೋಂಡಾದ ಹಾಗೆ ಜಿಡ್ಡು ಕಕ್ಕುತ್ತಿರುತ್ತದೆ.

ಇನ್ನು ಬೇಗ ಹಳೆಯದು ಕಾಣಲೆಂದು ಮರಳು ಕಾಗದ ಉಜ್ಜುವವರೂ ಇದ್ದಾರೆ. ದೂರದಿಂದಲೇ ಗೊತ್ತಾಗುತ್ತದೆ. ಎರಡೂ ಮೊಣಕೈ ಒಂದೇ ಸಮ ಸವೆದಿರುತ್ತವೆ, ಎರಡೂ ಜೇಬು ಅವಳಿ ಜವಳಿ. ಯಾರೂ ಎರಡೂ ಕೈಯಲ್ಲಿ ಕೀಲಿ ಇಡುವುದಿಲ್ಲ.

ಈಗ ಪಾಲಿಶ್. ನನ್ನ ಜಾಕೆಟ್ಟಿಗೆ ಆರು ವರ್ಷ ತುಂಬಿದಾಗ ಜಿಪ್ ಕಿತ್ತು ಬಂತು. ಶಿವಾಜಿನಗರದಲ್ಲಿ ಒಬ್ಬ ಹಿರಿಯರ ಹತ್ತಿರ ಕೊಟ್ಟೆ. ದಪ್ಪ ಸೂಜಿ, ಮೇಣ ಸವರಿದ ದಾರ, ಹೊಲಿಗೆ ಎಂದರೆ ಹೊಲಿಗೆ, ಇವತ್ತಿಗೂ ಒಂದು ಎಳೆ ಜಾರಿಲ್ಲ. ಸಂಜೆ ಹೋದಾಗ ಜಾಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ತೋರಿಸಿದರು. ಮುಖದಲ್ಲಿ ನಗು. ಆರು ವರ್ಷದ ವಾಚಿನ ಗುರುತು, ಬ್ಯಾಗಿನ ಪಟ್ಟೆ, ಟ್ಯಾಂಕಿನ ಸವೆತ, ಎಲ್ಲದರ ಮೇಲೂ ಎರಡು ಕೈ ಕಪ್ಪು ಚೆರ್ರಿ ಪಾಲಿಶ್, ಕನ್ನಡಿಯ ಹಾಗೆ. ‘ಪಾಪ, ಪೂರಾ ಹೋಗ್ಬಿಟ್ಟಿತ್ತು ಸಾರ್. ಇದಕ್ಕೆ ದುಡ್ಡು ಬೇಡ’ ಎಂದರು. ನಾನು ಏನು ಹೇಳಲಿ? ಥ್ಯಾಂಕ್ಸ್ ಹೇಳಿ ಹಾಕಿಕೊಂಡು ಬಂದೆ. ಮನೆ ತಲುಪುವಷ್ಟರಲ್ಲಿ ಬಿಳೀ ಶರ್ಟಿನ ಕಾಲರ್, ಬ್ಯಾಗಿನ ಪಟ್ಟಿ, ಎರಡೂ ಕೈ ಕಪ್ಪು. ವಾಚಿನ ಗುರುತು ಮತ್ತೆ ಕಾಣಿಸಿಕೊಳ್ಳಲು ಎಂಟು ತಿಂಗಳು ಹಿಡಿಯಿತು.