ಸಂಘದವರ ಮುಂದೆ ಮನೆಯ ಮಾತು ಹೇಳಬಹುದೇ?

ಪ್ರಶ್ನೆ: ಅಕ್ಕಾ, ನನಗೆ 31 ವರ್ಷ, ಮದುವೆಯಾಗಿ ಎಂಟಾಯಿತು. ಗಂಡ ಕುಡಿದು ಬಂದು ಹೊಡೆಯುತ್ತಾರೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದ್ದಕ್ಕೆ ನೊಂದ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರಕ್ಕೆ ಹೋಗಿ ಅಂದರು. ಹೋಗಿ ನೋಡಿದರೆ ಅದನ್ನು ನಡೆಸುವುದು ಊರಿನದೇ ಒಂದು ಸಂಘ, ಸಮಿತಿಯಲ್ಲಿರುವ ಒಬ್ಬರು ನನ್ನ ಮಾವನಿಗೆ ಪರಿಚಯ. ಒಳಗೆ ಹೋಗದೆ ವಾಪಸು ಬಂದೆ. ಸರಕಾರದ ಕೆಲಸವನ್ನು ಸಂಘಕ್ಕೆ ಯಾಕೆ ಬಿಟ್ಟಿದ್ದಾರೆ? ಅವರು ಕೊಡುವ ಕಾಗದಕ್ಕೆ ಕೋರ್ಟಿನಲ್ಲಿ ಬೆಲೆ ಇದೆಯೇ?
– ಓದುಗಿ, ಮಲ್ಪೆ

ಉತ್ತರ: ತಂಗಿ, ಮೊದಲಿಗೆ ಒಂದು ಮಾತು. ಇವತ್ತು ರಾತ್ರಿ ಕೈ ಎತ್ತಿದರೆ 112ಕ್ಕೆ ಫೋನ್ ಮಾಡಿ. ಉಳಿದದ್ದೆಲ್ಲ ಆಮೇಲೆ.

ಬಾಗಿಲಿಂದ ತಿರುಗಿ ಬಂದದ್ದಕ್ಕೆ ನಿಮ್ಮನ್ನು ದೂರಲಾರೆ. ಮಂಗಳೂರಿನಲ್ಲಿ ಅಂಥದೇ ಕೋಣೆಯಲ್ಲಿ 14 ವರ್ಷ ಆಪ್ತಸಮಾಲೋಚಕಿಯಾಗಿ ಕುಳಿತವಳು ನಾನು. ಮೊದಲ ವರ್ಷ ನಮ್ಮ ಕೋಣೆಗೂ ಹೊರಗಿನ ಬೆಂಚಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ, ಅದೂ ಮಾಡಿನವರೆಗೆ ಮುಟ್ಟುತ್ತಿರಲಿಲ್ಲ. ಒಬ್ಬಳು ಅಳುತ್ತ ಹೇಳಿದ್ದನ್ನೆಲ್ಲ ಹೊರಗಿದ್ದ ಗಂಡ ಕೇಳಿಸಿಕೊಂಡ. ಮರುವಾರ ಅವಳು ಬರಲಿಲ್ಲ. ಇಬ್ಬರನ್ನೂ ಒಂದೇ ದಿನ ಕರೆದವಳು ನಾನೇ. ಇವತ್ತಿಗೂ ಅದು ಚುಚ್ಚುತ್ತದೆ.

ಸಾಂತ್ವನ ಯೋಜನೆ ನಡೆಯುವುದೇ ಸ್ವಯಂಸೇವಾ ಸಂಸ್ಥೆಗಳ ಮೂಲಕ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 10ನೇ ಕಲಮು ಕೂಡ ನೋಂದಾಯಿತ ಸಂಸ್ಥೆಗಳಿಗೆ ‘ಸೇವಾ ಪೂರೈಕೆದಾರ’ರ ಸ್ಥಾನ ಕೊಟ್ಟಿದೆ. ಇದರ ಪ್ರಯೋಜನವನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಬೀಡಿ ಕಟ್ಟುವವರೇ ಹೆಚ್ಚು. ಬ್ರಾಂಚಿಗೆ ಬೀಡಿ ಕೊಟ್ಟು ಬರುತ್ತೇನೆಂದು ಮನೆಯಲ್ಲಿ ಹೇಳಿ, ಎಲೆ-ಹೊಗೆಸೊಪ್ಪಿನ ಚೀಲ ಹಿಡಿದುಕೊಂಡೇ ಮೆಟ್ಟಿಲು ಹತ್ತುತ್ತಿದ್ದರು. ಸಂಜೆಯವರೆಗೂ ಕೋಣೆಯಲ್ಲಿ ಹೊಗೆಸೊಪ್ಪಿನ ವಾಸನೆ. ಠಾಣೆಯ ಮೆಟ್ಟಿಲನ್ನು ಅವರು ಹತ್ತುತ್ತಿರಲಿಲ್ಲ. ತುಳುವಿನಲ್ಲೋ ಬ್ಯಾರಿಯಲ್ಲೋ ಮಾತು ಶುರುವಾದರೆ ಅರ್ಧ ಭಯ ಇಳಿಯುತ್ತಿತ್ತು.

ಆದರೆ ಕೆಲಸ ಒಪ್ಪಿಸಿದ ಮಾತ್ರಕ್ಕೆ ಸರಕಾರದ ಹೊಣೆ ತೀರುವುದಿಲ್ಲ. ಅನುದಾನ ತಡವಾಗಿ ಸಂಬಳ ಸಿಗದೆ ನನ್ನ ಜೊತೆಗಿದ್ದ ಇಬ್ಬರು ಕೆಲಸ ಬಿಟ್ಟರು. ಅವರ ಹತ್ತಿರ ಹೇಳಿಕೊಂಡವರು ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಒಬ್ಬಳು ಅರ್ಧದಲ್ಲೇ ‘ಸಾಕಾಯ್ತು ಮೇಡಂ’ ಎಂದು ಎದ್ದು ಹೋದಳು. ಇನ್ನೊಂದು, ಊರಿನ ಸಂಘಗಳಿಗೆ ಪಂಚಾತಿಕೆಯ ಅಭ್ಯಾಸ. ‘ಹೊಂದಿಕೊಂಡು ಹೋಗಮ್ಮ’ ಎನ್ನುವ ಮಾತು ಬೇಗ ಬರುತ್ತದೆ. ಹೊಡೆತ ತಿನ್ನುವವಳಿಗೆ ಹಾಗೆ ಹೇಳಕೂಡದು. ಹೇಳಿದರೆ ಎದ್ದು ಬನ್ನಿ.

ಇನ್ನು ಕಾಗದದ ವಿಷಯ. ಸೇವಾ ಪೂರೈಕೆದಾರರೆಂದು ನೋಂದಾಯಿಸಿಕೊಂಡ ಸಂಸ್ಥೆಯವರು ನೀವು ಬಯಸಿದರೆ, ನಡೆದದ್ದನ್ನೆಲ್ಲ ದಾಖಲಿಸುವ ‘ಕೌಟುಂಬಿಕ ಘಟನಾ ವರದಿ’ ಬರೆದು ಮ್ಯಾಜಿಸ್ಟ್ರೇಟರಿಗೂ, ಈ ಕಾಯ್ದೆಯಡಿ ನೊಂದವರ ನೆರವಿಗೆ ಸರಕಾರ ನೇಮಿಸಿದ ಸಂರಕ್ಷಣಾಧಿಕಾರಿಗೂ ಕಳಿಸಬಹುದು. ಅದಕ್ಕೆ ಬೆಲೆ ಇದೆ. ಬಿಳಿ ಹಾಳೆಯಲ್ಲಿ ‘ಇನ್ನು ಹೊಡೆಯುವುದಿಲ್ಲ’ ಎಂದು ಬರೆಸಿಕೊಂಡ ರಾಜಿ ಕೋರ್ಟಿನ ಆದೇಶವಲ್ಲ. ದೌರ್ಜನ್ಯ ಮಾಡಕೂಡದೆಂದು ಮ್ಯಾಜಿಸ್ಟ್ರೇಟರು ಕೊಡುವ ಸಂರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಮಾವನ ಪರಿಚಯದವರಿರುವ ಕಡೆಗೇ ಹೋಗಬೇಕೆಂದಿಲ್ಲ. ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮಲ್ಲಿ ಸಂರಕ್ಷಣಾಧಿಕಾರಿ, ನೇರ ಅವರಲ್ಲಿಗೆ ಹೋಗಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಫೋನ್ 15100. ಮೈಮೇಲೆ ಗುರುತಿದ್ದರೆ ನಾಳೆಯೇ ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ತೋರಿಸಿ, ಹೇಗಾಯಿತೆಂದು ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಬರೆಸಿಕೊಳ್ಳಿ. ಆ ಚೀಟಿಯನ್ನು ಗಂಡನ ಮನೆಯಲ್ಲಿ ಇಡಬೇಡಿ. ತವರಿನಲ್ಲಿ ಅಮ್ಮನ ಕೈಗೆ ಕೊಟ್ಟಿಡಿ.