ವಾರ್ಡಿನ ಗೋಡೆಗೆ ಪಟ್ಟಿ ಬೇಕೇ?

ಓದುಗರ ಪತ್ರ: ಎಂಆರ್‌ಐ ತೆಗೆಸುವಾಗ ನಮ್ಮ ತಂದೆಯವರ ಕೊರಳಿನ ಇಷ್ಟಲಿಂಗವನ್ನು ಬಿಚ್ಚಿಸಿದರು. ಆರು ದಿನಗಳ ಬಳಿಕ ಐಸಿಯುನಲ್ಲೇ ಅವರು ಲಿಂಗೈಕ್ಯರಾಗುವವರೆಗೂ ಅದು ಕಪಾಟಿನಲ್ಲಿತ್ತು. ತಾಯಿಯವರಿಗೆ ಆ ಕೊರಗು ಇನ್ನೂ ಹೋಗಿಲ್ಲ. ಯಾವ ಧರ್ಮದ ಹಿರಿಯರಿಗೆ ಕೊನೆಗಾಲದಲ್ಲಿ ಏನು ಬೇಕೆಂಬ ಪಟ್ಟಿಯನ್ನು ಪ್ರತಿ ವಾರ್ಡಿನಲ್ಲೂ ಏಕೆ ತೂಗುಹಾಕಬಾರದು?

ಸಂಪಾದಕರ ಉತ್ತರ: ಎಂಆರ್‌ಐ ಕೋಣೆಗೆ ಲೋಹವನ್ನು ಒಯ್ಯುವಂತಿಲ್ಲವಾದ್ದರಿಂದ ಇಷ್ಟಲಿಂಗವಿರುವ ಲೋಹದ ಕರಡಿಗೆಯನ್ನು ಬಿಚ್ಚಿಸಿದ್ದರಲ್ಲಿ ತಪ್ಪಿಲ್ಲ, ಉಂಗುರ, ಕೈಗಡಿಯಾರಗಳಂತೆ ಅದನ್ನೂ ಎತ್ತಿಟ್ಟು ಮರೆತದ್ದು ತಪ್ಪು. ದೀಕ್ಷೆ ಪಡೆದವರ ಪಾಲಿಗೆ ಅದು ಅಂಗದಿಂದ ಅಗಲಬಾರದ ಲಿಂಗ, ಸಮಾಧಿಯಲ್ಲಿಯೂ ಎಡ ಅಂಗೈಯಲ್ಲಿ ಇರಿಸುವಂಥದು. ಸ್ಕ್ಯಾನ್ ಮುಗಿದೊಡನೆ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿದ್ದರೆ ಯಾವ ಚಿಕಿತ್ಸೆಗೂ ಅಡ್ಡಿಯಾಗುತ್ತಿರಲಿಲ್ಲ.

ಆದರೂ ನಿಮ್ಮ ಪಟ್ಟಿಯನ್ನು ನಾವು ಒಪ್ಪಲಾರೆವು. ಆಹಾರ ತ್ಯಜಿಸಿ ಸಾವನ್ನು ಎದುರುಗೊಳ್ಳುವ ಜೈನ ವ್ರತವಾದ ಸಲ್ಲೇಖನ, ಹಾಗೆ ಮಡಿದವರ ನೆನಪಿನ ನಿಸಿದಿ ಶಾಸನಗಳಿರುವ ಶ್ರವಣಬೆಳಗೊಳದ ನಾಡಿಗೆ ಹೊಸದೇನಲ್ಲ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಂಥಾರಾವನ್ನು (ಸಲ್ಲೇಖನದ ಇನ್ನೊಂದು ಹೆಸರು) ಅಪರಾಧವೆಂದು ಪರಿಗಣಿಸಿದಾಗ ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಆದರೆ ಊಟ ಬೇಡವೆನ್ನುವ ಜೈನ ಅಜ್ಜಿಯೊಬ್ಬರು ವ್ರತ ಹಿಡಿದಿದ್ದಾರೆಂದು ಪಟ್ಟಿ ನೋಡಿ ಊಹಿಸಿ ಸುಮ್ಮನಾಗುವ ದಾದಿ, ಅವರಿಗಿರುವುದು ಬರೀ ಬಾಯಿಹುಣ್ಣು ಎಂಬುದನ್ನು ಗಮನಿಸದೇ ಹೋಗಬಹುದು. ಹಾಗೆಯೇ ಲಿಂಗವನ್ನು ಎಂದೋ ಕಳಚಿಟ್ಟ ಲಿಂಗಾಯತರೂ ನಮ್ಮ ನಡುವೆ ಇದ್ದಾರೆ.

ಗೋಡೆಯ ಪಟ್ಟಿಗಿಂತ ಮೊದಲು ಬದಲಾಗಬೇಕಾದದ್ದು ಐಸಿಯುವಿನ ಭೇಟಿಯ ವೇಳೆ. ಕಿಬ್ಲಾದತ್ತ, ಅಂದರೆ ಮೆಕ್ಕಾದ ದಿಕ್ಕಿಗೆ, ಮುಖ ಮಾಡಿಸಿ ಕಲಿಮಾ ಹೇಳಿಕೊಡುವುದಕ್ಕೂ, ಪಾದ್ರಿ ಬಂದು ತೈಲ ಹಚ್ಚುವುದಕ್ಕೂ, ಗಂಗೆ ತುಳಸಿಗೂ ಬೇಕಾದದ್ದು ಮನೆಯ ಒಬ್ಬಿಬ್ಬರಿಗೆ ಕಾಲು ಗಂಟೆಯ ಪ್ರವೇಶ. (ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹೊಯ್ದರೆ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ, ತುಟಿ ಒದ್ದೆ ಮಾಡಿದರೆ ಸಾಕು.) ಉಳಿದದ್ದನ್ನು ದಾಖಲಾದ ದಿನವೇ ಹಿರಿಯರನ್ನೇ ಕೇಳಿ ಕೇಸ್ ಶೀಟಿನಲ್ಲಿ ಬರೆದುಕೊಳ್ಳಬೇಕು, ಅದೂ ಅವರ ಮನೆಮಾತಿನಲ್ಲಿ ಕೇಳಿ. ತುಳುವಿನಲ್ಲಿ ನೋವು ಹೇಳಿಕೊಳ್ಳುವ ಅಜ್ಜಿಯ ಪರವಾಗಿ ಬೆಂಗಳೂರಿನ ಮಗ ಇಂಗ್ಲಿಷಿನಲ್ಲಿ ಉತ್ತರಿಸುವುದನ್ನು ನಾವೆಲ್ಲ ಕಂಡವರೇ.

ಕೇಳುವ ಹೊತ್ತಿಗೆ ಹೇಳುವ ಶಕ್ತಿಯೇ ಉಳಿದಿರದಿದ್ದರೆ ಏನು ಮಾಡುವುದು ಎಂಬುದಕ್ಕೆ ಕಾನೂನು ಒಂದಷ್ಟು ದಾರಿ ತೋರಿಸಿದೆ. ಚೇತರಿಕೆಯ ಆಸೆಯಿಲ್ಲದಾಗ ಜೀವರಕ್ಷಕ ಯಂತ್ರಗಳು ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಮಾನ್ಯ ಮಾಡಿತು. ಆಗ ಮ್ಯಾಜಿಸ್ಟ್ರೇಟರ ಸಹಿಯೂ ಬೇಕಿದ್ದುದರಿಂದ ಹೆಚ್ಚಿನವರು ಆ ಗೋಜಿಗೇ ಹೋಗಲಿಲ್ಲ; 2023ರ ಜನವರಿಯಲ್ಲಿ ನಿಯಮ ಸಡಿಲಗೊಂಡು, ಇಬ್ಬರು ಸಾಕ್ಷಿಗಳ ಎದುರು ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕೆಂದಾಯಿತು. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಆದೇಶ ಹೊರಡಿಸಿದೆ. ಹೀಗೆ ಮೊದಲೇ ಬರೆದಿಡುವ ಪತ್ರ ಚಿಕಿತ್ಸೆಯ ವಿಷಯಕ್ಕೆ ಸಂಬಂಧಿಸಿದ್ದು. ಕೊನೆಯ ಉಸಿರು ಊರಿನ ಮನೆಯಲ್ಲಾಗಲಿ, ಲಿಂಗ ಮೈಮೇಲಿರಲಿ ಎಂಬಂಥ ಮಾತುಗಳಿಗೆ ಇನ್ನೊಂದು ಹಾಳೆ ಸೇರಿಸಲು ಯಾರ ಅಡ್ಡಿಯೂ ಇಲ್ಲ.

ತಾಯಿಯವರು ಆರೋಗ್ಯವಾಗಿರುವಾಗಲೇ ಆ ಹಾಳೆಯನ್ನು ಅವರ ಕೈಯಿಂದಲೇ ಬರೆಸಿ. ತಂದೆಯವರಿಗೆ ಬೇಕಿದ್ದುದೇ ತಮಗೂ ಬೇಕೆಂದು ಅವರು ಹೇಳದಿರಬಹುದು. ಆಗ ತಿದ್ದಲು ಹೋಗಬೇಡಿ.